ರಿಮೋಟ್ ಟೀಚರ್ ಕೈಯಲ್ಲಿರಲಿ: ಶೈಕ್ಷಣಿಕ ಟಿವಿ ಬಳಸಿ ಪ್ರಾಥಮಿಕ ತರಗತಿಯಲ್ಲಿ ಮೌಲ್ಯ ಶಿಕ್ಷಣ

ಎರಡನೇ ತರಗತಿಯ ಮಕ್ಕಳಿಗೆ ಒಮ್ಮೆ ಅರ್ಧ ಗಂಟೆಯ ಕಾರ್ಯಕ್ರಮ ತೋರಿಸಿದ್ದೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಕತೆ. ಮುಗಿದ ಮೇಲೆ ‘ಏನು ಕಲಿತ್ರಿ?’ ಎಂದು ಕೇಳಿದೆ. ‘ಸುಳ್ಳು ಹೇಳಬಾರದು ಮಿಸ್’ ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಹೇಳಿತು. ನನಗೂ ಖುಷಿಯಾಯಿತು. ಹತ್ತು ನಿಮಿಷ ಕಳೆದಿರಲಿಲ್ಲ, ಯಾರದೋ ನೀರಿನ ಬಾಟಲಿ ಉರುಳಿ ಪಕ್ಕದವನ ಪುಸ್ತಕ ತೊಯ್ದುಹೋಯಿತು. ‘ಯಾರು ಚೆಲ್ಲಿದ್ದು?’ ಎಂದೆ. ಅಷ್ಟು ಜೋರಾಗಿ ರಾಗ ಎಳೆದವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಮಕ್ಕಳದ್ದು ತಪ್ಪಲ್ಲ. ನಾನು ಕೇಳಿದ್ದು ನೀತಿವಾಕ್ಯ, ಅವರು ಒಪ್ಪಿಸಿದ್ದೂ ನೀತಿವಾಕ್ಯ. ಲೆಕ್ಕ ಚುಕ್ತಾ. ಆಮೇಲೆ ನಾನು ಟಿವಿ ಬಳಸುವ ರೀತಿಯನ್ನೇ ಬದಲಿಸಿಕೊಂಡೆ. ಕಾರ್ಯಕ್ರಮ ಪಾಠ ಹೇಳಲಿ ಎಂದು ಕಾಯುವುದನ್ನು ಬಿಟ್ಟೆ. ಇಡೀ ತರಗತಿ ಒಟ್ಟಿಗೆ ನೋಡಿ, ಒಟ್ಟಿಗೆ ತಲೆಕೆಡಿಸಿಕೊಳ್ಳಬಹುದಾದ ಒಂದು ಸಂದರ್ಭವನ್ನು ಟಿವಿ ತಂದುಕೊಡುತ್ತದೆ. ಅದರ ಕೆಲಸ ಅಷ್ಟೇ. ಉಳಿದದ್ದು ನಮ್ಮದು. ಆ ಉಳಿದದ್ದನ್ನು ಮಾಡುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ದೊಡ್ಡ ಗುಣವನ್ನು ಕಣ್ಣಿಗೆ ಕಾಣುವ ನಡತೆಗೆ ಇಳಿಸಿ

‘ಈ ತಿಂಗಳು ಪ್ರಾಮಾಣಿಕತೆ, ಮುಂದಿನ ತಿಂಗಳು ಸಹಾನುಭೂತಿ’ ಎಂದು ಗೋಡೆಗೆ ಚಾರ್ಟ್ ಅಂಟಿಸುವುದು ಸುಲಭ. ಆದರೆ ಆರೇಳು ವರ್ಷದ ಮಗುವಿಗೆ ಪ್ರಾಮಾಣಿಕತೆ ಎಂದರೆ ಒಂದು ಕಷ್ಟದ ಕಾಗುಣಿತ, ಅಷ್ಟೇ. ಅದನ್ನು ಒಡೆದು ಸಣ್ಣದು ಮಾಡಿ: ‘ನನ್ನಿಂದ ಏನಾದರೂ ಹಾಳಾದರೆ, ಯಾರೂ ಕೇಳುವ ಮೊದಲೇ ಹೇಳುವುದು’. ಸಹಾನುಭೂತಿ ಎಂಬ ಪದದ ಬದಲು ‘ಆಟಕ್ಕೆ ಸೇರದೆ ಒಬ್ಬರೇ ನಿಂತವರನ್ನು ಕರೆಯುವುದು’. ತಾಳ್ಮೆ ಎನ್ನುವ ಬದಲು ‘ನನ್ನ ಸರದಿ ಬರುವವರೆಗೆ ಮುಂದಿನವರನ್ನು ತಳ್ಳದೆ ನಿಲ್ಲುವುದು’.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಪಠ್ಯಕ್ರಮ ನೋಡುವ ಮೊದಲು ಆಟದ ಮೈದಾನ ನೋಡಿ. ಒಂದು ವಾರ ಯಾವ ದೂರುಗಳು ಮತ್ತೆ ಮತ್ತೆ ಬರುತ್ತವೆ ಎಂದು ಗುರುತು ಹಾಕಿಕೊಳ್ಳಿ. ‘ಮಿಸ್, ಇವನು ನನ್ನನ್ನ ಸೇರಿಸಿಕೊಳ್ಳಲ್ಲ’ ಎಂಬುದು ದಿನಕ್ಕೆ ಮೂರು ಸಲ ಕೇಳಿಬಂದರೆ ನಿಮ್ಮ ವಿಷಯ ಸಿಕ್ಕಿತು. ಒಂದು ಸಲಕ್ಕೆ ಒಂದೇ ನಡತೆ. ಎರಡನೆಯದನ್ನು ತುರುಕಬೇಡಿ.

ಹಂತ 2: ತುಣುಕು ಆರಿಸುವುದು (ಹೆಚ್ಚು ಸಮಯ ಬೇಡುವ ಕೆಲಸ ಇದೇ)

ನೀವು ಪೂರ್ತಿ ನೋಡದೆ ಯಾವುದನ್ನೂ ತರಗತಿಯಲ್ಲಿ ಹಾಕಬೇಡಿ. ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಇದ್ದರೂ ಸರಿಯೇ. 2006ರಲ್ಲಿ ಪ್ರಕಟವಾದ ಆಸ್ಟ್ರೋವ್, ಜೆಂಟೈಲ್ ಮತ್ತು ಕ್ರಿಕ್ ಅವರ ಅಧ್ಯಯನದಲ್ಲಿ ಅಚ್ಚರಿಯ ಸಂಗತಿಯೊಂದು ಕಂಡಿತು. ಶೈಕ್ಷಣಿಕ ಕಾರ್ಯಕ್ರಮಗಳನ್ನು ಹೆಚ್ಚು ನೋಡುವ ಪುಟ್ಟ ಮಕ್ಕಳಲ್ಲಿ ‘ನಿನ್ನ ಜೊತೆ ಟೂ’, ‘ನೀನು ನಮ್ಮ ಗುಂಪಿಗೆ ಬೇಡ’ ಎಂಬ ಬಗೆಯ ಚುಚ್ಚುವಿಕೆ ಹೆಚ್ಚಿತ್ತು. ಇಂಥ ಕತೆಗಳಲ್ಲಿ ಜಗಳಕ್ಕೇ ಬಹುಪಾಲು ಸಮಯ ಹೋಗಿ, ರಾಜಿ ಕೊನೆಯಲ್ಲಿ ಚೂರು ಬಂದು ಮುಗಿದುಹೋಗುತ್ತದೆ. ಆ ಕೊನೆಯನ್ನು ಹಿಂದಿನ ಜಗಳಕ್ಕೆ ಜೋಡಿಸಿಕೊಳ್ಳುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ. ಸಂಶೋಧಕರ ಅನುಮಾನ ಇದರ ಮೇಲೆಯೇ ಇತ್ತು.

ಹಾಗಾಗಿ ನಾನು ಗಡಿಯಾರ ಹಿಡಿದುಕೊಂಡು ನೋಡುತ್ತೇನೆ. ಎಂಟು ನಿಮಿಷದ ಕಂತಿನಲ್ಲಿ ಅಣಕ, ಜಗಳ ಆರು ನಿಮಿಷ, ಸರಿಪಡಿಸಿಕೊಳ್ಳುವುದು ನಲವತ್ತು ಸೆಕೆಂಡು ಇದ್ದರೆ ಅದು ಅಣಕಿಸುವುದನ್ನು ಕಲಿಸುವ ಪಾಠ. ಅದನ್ನು ಕೈಬಿಡಿ, ಇಲ್ಲವೇ ಬೇಕಾದ ಭಾಗವನ್ನಷ್ಟೇ ತೋರಿಸಿ.

‘ಕೊನೆಯಲ್ಲಿ ಕೆಟ್ಟವನಿಗೆ ಶಿಕ್ಷೆ ಆಗುತ್ತಲ್ಲ’ ಎಂಬ ಸಮಾಧಾನವೂ ಬೇಡ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳು ಒಂದು ಫಿಲ್ಮ್ ನೋಡಿದರು. ಅದರಲ್ಲಿ ದೊಡ್ಡವರೊಬ್ಬರು ಬೋಬೋ ಎಂಬ ಗಾಳಿ ತುಂಬಿದ ಗೊಂಬೆಗೆ ಹೊಡೆಯುತ್ತಾರೆ. ಹೊಡೆದವರಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಹೊಡೆತವನ್ನು ಕಡಿಮೆ ಅನುಕರಿಸಿದರು. ಆದರೆ ‘ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಶಿಕ್ಷೆ ಕಲಿಕೆಯನ್ನು ಅಳಿಸಿರಲಿಲ್ಲ, ಮುಚ್ಚಿಟ್ಟಿತ್ತು.

ಸುಳ್ಳಿನ ವಿಷಯದಲ್ಲಂತೂ ಇನ್ನೂ ನೇರವಾದ ಪುರಾವೆ ಇದೆ. ಕಾಂಗ್ ಲೀ ಮತ್ತು ಸಂಗಡಿಗರು 2014ರಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಕತೆಗಳನ್ನು ಓದಿ ಹೇಳಿ, ಆಟದಲ್ಲಿ ಕದ್ದು ನೋಡಿದ್ದನ್ನು ಮಕ್ಕಳು ಒಪ್ಪಿಕೊಳ್ಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿದರು. ಸುಳ್ಳು ಹೇಳಿ ಮೂಗು ಉದ್ದವಾದವನ ಕತೆಯಿಂದ, ತೋಳ ಬಂತು ಎಂದು ಕೂಗಿದವನ ಕತೆಯಿಂದ ಏನೂ ಉಪಯೋಗವಾಗಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಹುಡುಗನ ಕತೆ ಕೇಳಿದವರಲ್ಲಿ ನಿಜ ಹೇಳಿದವರು ಹೆಚ್ಚಿದ್ದರು. ಅದೇ ಕತೆಯ ಕೊನೆಯನ್ನು ಶಿಕ್ಷೆಗೆ ತಿರುಗಿಸಿದಾಗ ಆ ಪರಿಣಾಮ ಮಾಯವಾಯಿತು. ನಾನು ಅಂದು ತೋರಿಸಿದ ‘ಸಿಕ್ಕಿಬಿದ್ದ ಹುಡುಗ’ ಏಕೆ ಸೋತ ಎಂದು ಇದನ್ನು ಓದಿದ ಮೇಲೆ ಅರ್ಥವಾಯಿತು. ಮಕ್ಕಳು ಅವನಿಂದ ಕಲಿತಿದ್ದು ‘ಸಿಕ್ಕಿಬೀಳಬಾರದು’ ಎಂದು. ಆದ್ದರಿಂದ ಒಳ್ಳೆಯ ನಡತೆ ಮಾಡಿದವರಿಗೆ ಹಗುರವಾದದ್ದು, ಸಂಬಂಧ ಉಳಿದದ್ದು ಕಾಣುವ ತುಣುಕು ಹುಡುಕಿ.

ಪ್ರಾಣಿಗಳ ಪಾತ್ರವೋ ಮನುಷ್ಯರದ್ದೋ ಎಂಬ ಪ್ರಶ್ನೆಯೂ ಇದೆ. ಟೊರಾಂಟೊದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಚಿಕೊಳ್ಳುವ ಕತೆಯನ್ನು ಮನುಷ್ಯರ ಪಾತ್ರಗಳೊಂದಿಗೆ ಕೇಳಿದ 4ರಿಂದ 6 ವರ್ಷದ ಮಕ್ಕಳು ತಮ್ಮ ಸ್ಟಿಕ್ಕರ್‌ಗಳನ್ನು ಹೆಚ್ಚು ಹಂಚಿದರು. ಬಟ್ಟೆ ತೊಟ್ಟ ಪ್ರಾಣಿಗಳ ಕತೆ ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಅದು ಪುಸ್ತಕದ ಕತೆ, ಟಿವಿ ಅಲ್ಲ. ಆದರೂ ನಾನು ಸಣ್ಣ ತರಗತಿಗಳಿಗೆ ಸಾಧ್ಯವಾದಷ್ಟೂ ಮಕ್ಕಳೇ ನಟಿಸಿದ ತುಣುಕನ್ನು ಆರಿಸುತ್ತೇನೆ. ಮಾತಾಡುವ ಮೊಲವೇ ಸಿಕ್ಕಿದರೆ ಹಂತ 5ಕ್ಕೆ ಇನ್ನಷ್ಟು ಬೆವರು ಹರಿಸಬೇಕು.

ಉದ್ದ? ಒಂದು, ಎರಡನೇ ತರಗತಿಗೆ ನಾಲ್ಕೈದು ನಿಮಿಷ ಸಾಕು. ನಾಲ್ಕು, ಐದನೆಯವರಿಗೆ ಹತ್ತು ನಿಮಿಷ. ಪಿರಿಯಡ್‌ನ ಮುಕ್ಕಾಲು ಭಾಗ ಮಾತಿಗೆ, ಆಟಕ್ಕೆ ಉಳಿಯಬೇಕು.

ಹಂತ 3: ಕೋಣೆಯ ಸಿದ್ಧತೆ

ಇದು ಚಿಕ್ಕ ಕೆಲಸ. ತುಣುಕನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ನಡುವೆ ಬರುವ ಜಾಹೀರಾತು ಇಡೀ ಪಾಠವನ್ನು ನುಂಗುತ್ತದೆ. ಕಾರ್ಯಕ್ರಮ ನೇರ ಪ್ರಸಾರದಲ್ಲಷ್ಟೇ ಸಿಗುವುದಾದರೆ ನಿಲ್ಲಿಸಲು ಆಗುವುದಿಲ್ಲ. ಆಗ ನಿಲ್ಲಿಸಬೇಕಿದ್ದ ಜಾಗದ ಚಿತ್ರವನ್ನು ಆಮೇಲೆ ಬೋರ್ಡಿನ ಮೇಲೆ ಬರೆದು ಮಾತು ಶುರು ಮಾಡಿ. ಧ್ವನಿ ಹಿಂದಿನ ಬೆಂಚಿಗೆ ಕೇಳುತ್ತದೆಯೇ ನೋಡಿ.

ಒಂದು ವಿಷಯ ಮಾತ್ರ ಮರೆಯಬೇಡಿ. ನೀವು ಮಕ್ಕಳ ಹಿಂದೆ ಕೂರಬೇಡಿ. ಪರದೆಯ ಪಕ್ಕದಲ್ಲಿ, ಮಕ್ಕಳ ಮುಖ ಕಾಣುವಂತೆ ನಿಲ್ಲಿ. 1969ರಲ್ಲಿ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’ ಶುರುವಾಗುವ ಮೊದಲು ಅದರ ಸಂಶೋಧಕ ಎಡ್ವರ್ಡ್ ಪಾಮರ್ ಮಾಡಿದ್ದೂ ಇದನ್ನೇ. ಟಿವಿಯ ಪಕ್ಕದ ಇನ್ನೊಂದು ಪರದೆಯಲ್ಲಿ ಏಳೂವರೆ ಸೆಕೆಂಡಿಗೊಂದು ಹೊಸ ಚಿತ್ರ ಬದಲಾಗುತ್ತಿತ್ತು. ಮಗುವಿನ ಕಣ್ಣು ಯಾವಾಗ ಟಿವಿ ಬಿಟ್ಟು ಅತ್ತ ಹೋಗುತ್ತದೆ ಎಂದು ಅವರು ಗುರುತಿಸುತ್ತಿದ್ದರು. ನಮಗೆ ಎರಡನೇ ಪರದೆ ಬೇಡ, ತರಗತಿಯ ಕಿಟಕಿಯೇ ಸಾಕು. ಎಲ್ಲಿ ಕಣ್ಣು ಕಿಟಕಿಯತ್ತ ಹೊರಳಿತು, ಎಲ್ಲಿ ಉಸಿರು ಬಿಗಿಹಿಡಿದರು, ಯಾವ ಮಗು ತಲೆ ತಗ್ಗಿಸಿತು: ಇವು ನಿಮ್ಮ ಮುಂದಿನ ಪ್ರಶ್ನೆಗಳನ್ನು ತಾವೇ ಬರೆದುಕೊಡುತ್ತವೆ.

ಹಂತ 4: ನೋಡುವಾಗ ನಿಲ್ಲಿಸುವುದು

ಶುರುವಿಗೆ ಮುನ್ನ ‘ಇವತ್ತು ನಾವು ಪ್ರಾಮಾಣಿಕತೆ ಬಗ್ಗೆ ನೋಡೋಣ’ ಎನ್ನಬೇಡಿ. ಉತ್ತರ ಕೈಗೆ ಸಿಕ್ಕ ಮೇಲೆ ಮಕ್ಕಳಿಗೆ ಯೋಚಿಸುವ ಕೆಲಸವೇ ಇರುವುದಿಲ್ಲ. ಕಣ್ಣಿಗೆ ಕೆಲಸ ಕೊಡಿ: ‘ಈ ಹುಡುಗಿಯ ಕೈಯನ್ನೇ ನೋಡ್ತಾ ಇರಿ.’

ಒಂದು ತುಣುಕನ್ನು ಕಲ್ಪಿಸಿಕೊಳ್ಳೋಣ. ಹುಡುಗಿಯೊಬ್ಬಳು ಗೆಳತಿಯ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಕೇಳಿ ಪಡೆಯುತ್ತಾಳೆ. ನೀಲಿ ಪೆನ್ಸಿಲ್ ಮುರಿಯುತ್ತದೆ. ಸುತ್ತ ನೋಡುತ್ತಾಳೆ, ಯಾರೂ ಇಲ್ಲ. ಮುರಿದ ಎರಡು ತುಂಡನ್ನೂ ಡಬ್ಬಿಯೊಳಗೆ ಜೋಡಿಸಿಟ್ಟು ಮುಚ್ಚಳದ ಮೇಲೆ ಕೈ ಇಡುತ್ತಾಳೆ.

ಇಲ್ಲೇ ನಿಲ್ಲಿಸಿ. ನಿರ್ಧಾರ ಆಗುವ ಒಂದು ಕ್ಷಣ ಮೊದಲು. ಅವಳು ಹೇಳಿಬಿಟ್ಟ ಮೇಲೆ ನಿಲ್ಲಿಸಿದರೆ ಮಕ್ಕಳು ಬರೀ ತೀರ್ಪು ಕೊಡುತ್ತಾರೆ; ಮೊದಲೇ ನಿಲ್ಲಿಸಿದರೆ ಅವಳ ಜಾಗದಲ್ಲಿ ನಿಲ್ಲುತ್ತಾರೆ.

ಮೊದಲ ಪ್ರಶ್ನೆ ಒಳಗಿನದು: ‘ಈಗ ಅವಳಿಗೆ ಒಳಗೊಳಗೆ ಏನಾಗ್ತಿದೆ?’ ‘ಎದೆ ಢವಢವ ಅಂತಿದೆ ಮಿಸ್’ ಎನ್ನುತ್ತಾರೆ. ಸರಿ, ಮುಂದೆ: ‘ಈಗ ಅವಳು ಏನೇನು ಮಾಡಬಹುದು?’ ಏನು ಮಾಡಬೇಕು ಅಲ್ಲ, ಏನೇನು ಮಾಡಬಹುದು. ಈ ಎರಡರ ನಡುವಿನ ಅಂತರ ತುಂಬಾ ದೊಡ್ಡದು. ‘ಮಾಡಬೇಕು’ ಎಂದು ಕೇಳಿದರೆ ಮತ್ತೆ ಅದೇ ರಾಗ ಬರುತ್ತದೆ. ‘ಮಾಡಬಹುದು’ ಎಂದರೆ ನಿಜವಾದ ಉತ್ತರಗಳು ಬರುತ್ತವೆ: ಸುಮ್ಮನೆ ಇಟ್ಟುಬಿಡಬಹುದು, ಮೊದಲೇ ಮುರಿದಿತ್ತು ಅನ್ನಬಹುದು, ಪಕ್ಕದವನ ಮೇಲೆ ಹಾಕಬಹುದು, ತನ್ನದೇ ನೀಲಿ ಪೆನ್ಸಿಲ್ ಕೊಡಬಹುದು, ಹೇಳಿಬಿಡಬಹುದು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ಸುಳ್ಳಿನ ಉಪಾಯ ಹೇಳಿದ ಮಗುವಿನ ಮೇಲೆ ಹುಬ್ಬು ಗಂಟಿಕ್ಕಬೇಡಿ; ತರಗತಿಯಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಮಾತಾಡಿದ್ದು ಆ ಮಗುವೇ. ಆಮೇಲೆ ಒಂದೊಂದನ್ನೇ ಹಿಡಿದು ‘ಹೀಗೆ ಮಾಡಿದರೆ ನಾಳೆ ಬೆಳಗ್ಗೆ ಏನಾಗುತ್ತೆ? ಗೆಳತಿ ಡಬ್ಬಿ ತೆರೆದಾಗ?’ ಎಂದು ಕೇಳುತ್ತಾ ಹೋಗಿ.

ಮಾತಾಡದ ಮಕ್ಕಳಿಗೆ ಇನ್ನೊಂದು ದಾರಿ ಬೇಕು. ಅವಳ ಮುಖವನ್ನು ಚೀಟಿಯಲ್ಲಿ ಬರೆಯಲಿ, ಅಥವಾ ಬೋರ್ಡಿನ ಉತ್ತರಗಳಲ್ಲಿ ಒಂದರ ಕೆಳಗೆ ಬಂದು ನಿಲ್ಲಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮೌನಕ್ಕೆ ಹೆದರಿ ನಾವೇ ಉತ್ತರ ಹೇಳಿಬಿಡುವುದು ಟೀಚರ್‌ಗಳಿಗೆಲ್ಲ ಇರುವ ಕಾಯಿಲೆ, ನನಗೂ ಇದೆ.

ಇಷ್ಟಾದ ಮೇಲೆ ಮುಂದಿನ ಭಾಗ ಹಾಕಿ. ಒಂದು ತುಣುಕಿಗೆ ಎರಡು ನಿಲುಗಡೆ ಸಾಕು, ಮೂರಾದರೆ ಮಕ್ಕಳು ಗೊಣಗುತ್ತಾರೆ. ಅವರ ಗೊಣಗಾಟ ನ್ಯಾಯವಾದದ್ದೇ.

ಹಂತ 5: ಕತೆಯಿಂದ ಹೊರಗೆ ತರುವುದು

ಟಿವಿಯ ಪಾಠಗಳು ಹೆಚ್ಚಾಗಿ ಬಿದ್ದುಹೋಗುವ ಹಳ್ಳ ಇದು. 2008ರಲ್ಲಿ ಮೇರ್ಸ್ ಮತ್ತು ಅಕೋಸ್ಟಾ ಎಂಬ ಸಂಶೋಧಕರು ಐದಾರು ವರ್ಷದ ಮಕ್ಕಳಿಗೆ ಒಂದು ಕಾರ್ಟೂನ್ ಕಂತು ತೋರಿಸಿದರು. ಮೂರು ಕಾಲಿನ ನಾಯಿಯೊಂದು ಬರುತ್ತದೆ, ಉಳಿದ ನಾಯಿಗಳು ಮೊದಲು ಅಂಜುತ್ತವೆ, ಆಮೇಲೆ ಗೆಳೆತನ ಬೆಳೆಯುತ್ತದೆ. ದೈಹಿಕ ಭಿನ್ನತೆ ಇರುವವರನ್ನು ದೂರ ಇಡಬಾರದು ಎಂಬುದು ಅದನ್ನು ಮಾಡಿದವರ ಉದ್ದೇಶ. ಬಹಳಷ್ಟು ಮಕ್ಕಳಿಗೆ ಸಿಕ್ಕಿದ್ದು ಇದು: ಮೂರು ಕಾಲಿನ ನಾಯಿಗಳ ಜೊತೆ ಚೆನ್ನಾಗಿರಬೇಕು. ಮನುಷ್ಯರ ಮಾತು ಅವರ ತಲೆಗೇ ಬಂದಿರಲಿಲ್ಲ.

ನಗು ಬರುತ್ತದೆ. ಆದರೆ ನಮ್ಮ ತರಗತಿಯಲ್ಲೂ ಆಗುವುದು ಇದೇ, ನಾವು ಕೇಳದ ಕಾರಣ ಗೊತ್ತಾಗುವುದಿಲ್ಲ. ಪೆನ್ಸಿಲ್ ಕತೆ ನೋಡಿದ ಮಗು ಪೆನ್ಸಿಲ್ ಮುರಿದರೆ ಹೇಳುತ್ತದೆ, ನೀರು ಚೆಲ್ಲಿದರೆ ಹೇಳುವುದಿಲ್ಲ.

ಆದ್ದರಿಂದ ಕತೆಯ ಸಾಮಾನುಗಳನ್ನು ಒಂದೊಂದಾಗಿ ಬದಲಿಸಿ. ಮೊದಲು ವಸ್ತು: ‘ಪೆನ್ಸಿಲ್ ಅಲ್ಲ, ಲೈಬ್ರರಿ ಪುಸ್ತಕದ ಹಾಳೆ ಹರಿದುಹೋಯ್ತು. ಈಗ?’ ಆಮೇಲೆ ಮನುಷ್ಯರು: ‘ಗೆಳತಿ ಅಲ್ಲ, ನಿನಗೆ ಇಷ್ಟವೇ ಇಲ್ಲದ ಹುಡುಗನ ಪುಸ್ತಕ. ಈಗ?’ ಇಲ್ಲಿ ತರಗತಿ ಸ್ವಲ್ಪ ತಣ್ಣಗಾಗುತ್ತದೆ. ಕೊನೆಗೆ ಹಾನಿಯ ರೂಪವನ್ನೇ ಬದಲಿಸಿ: ‘ಏನೂ ಮುರಿಯಲಿಲ್ಲ, ಆದರೆ ನೀನು ಹೇಳಿದ ಮಾತಿಗೆ ಅವಳು ಅತ್ತಳು. ಅದು ನಿನ್ನಿಂದ ಅಂತ ಯಾರಿಗೂ ಗೊತ್ತಿಲ್ಲ.’ ಮೂರನೆಯದಕ್ಕೂ ಉತ್ತರ ಹುಡುಕುವ ಮಗುವಿಗೆ ಕತೆ ದಕ್ಕಿದೆ. ಎರಡನೆಯದಕ್ಕೇ ತಡವರಿಸಿದರೆ ಅದೂ ಸಹಜ. ನಾಳೆ ಮತ್ತೆ ಕೇಳಿ.

ಹಂತ 6: ಆಡಿ ತೋರಿಸುವುದು

ಬಾಯಿಯ ಉತ್ತರ ಕೈಕಾಲಿಗೆ ಇಳಿಯಬೇಕಾದರೆ ಪಾತ್ರಾಭಿನಯ ಬೇಕು. ‘ಮಿಸ್ಟರ್ ರೋಜರ್ಸ್’ ನೇಬರ್‌ಹುಡ್’ ಕಾರ್ಯಕ್ರಮವನ್ನು ಇಟ್ಟುಕೊಂಡು ಫ್ರೀಡ್ರಿಕ್ ಮತ್ತು ಸ್ಟೈನ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳು ಕಂತುಗಳನ್ನು ನೋಡಿದರು. ಕೆಲವರಿಗೆ ನೋಡಿದ್ದರ ಬಗ್ಗೆ ಮಾತಿನ ತರಬೇತಿ ಸಿಕ್ಕಿತು, ಕೆಲವರಿಗೆ ಅಭಿನಯದ ತರಬೇತಿ. ನಿಜವಾಗಿ ಇನ್ನೊಬ್ಬರಿಗೆ ನೆರವಾಗುವ ನಡತೆಯಲ್ಲಿ ಅಭಿನಯದ್ದೇ ಮೇಲುಗೈ. ನನ್ನ ತರಗತಿಯ ಅನುಭವವೂ ಹಾಗೆಯೇ ಹೇಳುತ್ತದೆ: ‘ಸಾರಿ ಕೇಳಬೇಕು’ ಎಂದು ಹೇಳಬಲ್ಲ ಮಗುವಿಗೆ ಗೆಳತಿಯ ಎದುರು ನಿಂತಾಗ ಮೊದಲ ಪದವೇ ಸಿಗುವುದಿಲ್ಲ.

ಇಬ್ಬರನ್ನು ಕರೆಯಿರಿ. ದೃಶ್ಯ ನಿಂತ ಜಾಗದಿಂದ ಮುಂದಕ್ಕೆ ಎರಡು ನಿಮಿಷ ಆಡಲಿ. ಆಮೇಲೆ ಪಾತ್ರ ಅದಲುಬದಲು ಮಾಡಿ. ಪೆನ್ಸಿಲ್ ಮುರಿದವಳು ಈಗ ಪೆನ್ಸಿಲಿನ ಒಡತಿ. ‘ಹೇಳಿದಾಗ ನಿನಗೆ ಸಿಟ್ಟು ಬಂತಾ? ಎಷ್ಟು ಹೊತ್ತು?’ ಎಂದು ಕೇಳಿ. ಹೇಳಿದರೆ ಎದುರಿನವರು ಒಮ್ಮೆ ಸಿಟ್ಟಾಗುತ್ತಾರೆ, ಆಮೇಲೆ ಸಿಟ್ಟು ಇಳಿಯುತ್ತದೆ ಎಂಬುದು ಮಕ್ಕಳಿಗೆ ಗೊತ್ತಾಗಬೇಕು. ಟಿವಿಯಲ್ಲಿ ತಕ್ಷಣ ಅಪ್ಪಿಕೊಂಡುಬಿಡುತ್ತಾರೆ. ಮಕ್ಕಳು ಅದನ್ನೇ ನಂಬಿ ಹೋದರೆ ಮೊದಲ ಬೈಗುಳಕ್ಕೇ ನಿಜ ಹೇಳುವುದನ್ನು ಬಿಡುತ್ತಾರೆ.

ತರಗತಿಯಲ್ಲಿ ಈಗಾಗಲೇ ‘ಕಿಡಿಗೇಡಿ’ ಎಂದು ಹೆಸರಾದ ಮಗುವಿಗೆ ತಪ್ಪಿತಸ್ಥನ ಪಾತ್ರ ಕೊಡಬೇಡಿ. ನಿನ್ನೆ ನಿಜವಾಗಿ ನಡೆದ ಜಗಳವನ್ನು ಅದೇ ಮಕ್ಕಳಿಂದ ಆಡಿಸಲೂ ಬೇಡಿ. ಪರದೆಯ ಮೇಲಿನ ಹುಡುಗಿ ಬೇರೆಯವಳು ಎಂಬ ಅಂತರವೇ ಮಕ್ಕಳನ್ನು ಕಾಪಾಡುತ್ತದೆ.

ಹಂತ 7: ಅದನ್ನೇ ಮತ್ತೆ ತೋರಿಸಿ

ದಿನಕ್ಕೊಂದು ಹೊಸ ಕಾರ್ಯಕ್ರಮ ಹುಡುಕುವ ತಲೆನೋವು ಬೇಡ. ‘ಬ್ಲೂಸ್ ಕ್ಲೂಸ್’ ಎಂಬ ಪುಟ್ಟ ಮಕ್ಕಳ ಟಿವಿ ಕಾರ್ಯಕ್ರಮದ ತಯಾರಕರು ಒಂದೇ ಕಂತನ್ನು ಐದು ದಿನ ಸತತವಾಗಿ ಪ್ರಸಾರ ಮಾಡುತ್ತಿದ್ದರು. 3ರಿಂದ 5 ವರ್ಷದ ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪುನರಾವರ್ತನೆಯಿಂದ ಮಕ್ಕಳಿಗೆ ಅರ್ಥವಾಗುವುದು ಹೆಚ್ಚಿತು, ಪರದೆಯ ಪ್ರಶ್ನೆಗಳಿಗೆ ಕೂಗಿ ಉತ್ತರಿಸುವುದೂ ಹೆಚ್ಚಿತು. ಮೊದಲ ಸಲ ಕತೆ ಏನಾಗುತ್ತದೆ ಎಂಬ ಆತಂಕದಲ್ಲೇ ಮಗುವಿನ ಗಮನ ಕಳೆದುಹೋಗುತ್ತದೆ. ಎರಡನೇ ಸಲ ಮುಖಗಳು ಕಾಣತೊಡಗುತ್ತವೆ.

ನಾನು ಸೋಮವಾರ ನಿಲ್ಲಿಸಿ ನಿಲ್ಲಿಸಿ ತೋರಿಸಿ ಮಾತಾಡುತ್ತೇನೆ. ಬುಧವಾರ ಧ್ವನಿ ತೆಗೆದು ಅದೇ ತುಣುಕು ಹಾಕಿ ಮಕ್ಕಳಿಂದಲೇ ಸಂಭಾಷಣೆ ಹೇಳಿಸುತ್ತೇನೆ (ಈ ದಿನದ ಗಲಾಟೆಗೆ ಪಕ್ಕದ ತರಗತಿಯವರ ಕ್ಷಮೆ ಮೊದಲೇ ಕೇಳಿಕೊಳ್ಳಿ). ಶುಕ್ರವಾರ ಗೆಳತಿಯ ಕಡೆಯಿಂದ ಕತೆ ಹೇಳಿಸುತ್ತೇನೆ. ದೊಡ್ಡ ತರಗತಿಯವರು ಇಷ್ಟಕ್ಕೆ ಬೇಸರಪಡಬಹುದು. ಅವರ ಕೈಗೆ ಕಾರ್ಯಕ್ರಮವನ್ನೇ ಕೊಡಿ: ಕೆಟ್ಟವನ ಧ್ವನಿ ಏಕೆ ಯಾವಾಗಲೂ ಗಡುಸು? ಈ ಸಂಗೀತ ಇಲ್ಲದಿದ್ದರೆ ನಮಗೆ ಅಳು ಬರುತ್ತಿತ್ತೇ? ಕೊನೆ ಇಷ್ಟು ಬೇಗ ಸರಿಹೋಗುತ್ತದೆಯೇ?

ಹಂತ 8: ಉಳಿದ ದಿನಗಳಿಗೆ, ಮನೆಗೆ

ಪಾಠ ಆದ ವಾರದಲ್ಲಿ ಆ ನಡತೆ ಎಲ್ಲಾದರೂ ತಲೆಹಾಕಿದಾಗ ಗುರುತಿಸಿ ಹೇಳಿ. ‘ಒಳ್ಳೆ ಹುಡುಗ’ ಎಂದಷ್ಟೇ ಹೇಳಿದರೆ ಏನಕ್ಕೆ ಎಂದು ಅವನಿಗೆ ತಿಳಿಯುವುದಿಲ್ಲ. ‘ನಾನು ಕೇಳುವ ಮೊದಲೇ ನೀನೇ ಬಂದು ಹೇಳಿದೆ, ಪೆನ್ಸಿಲ್ ಹುಡುಗಿ ಹಾಗೆ’ ಎನ್ನಿ. ನಕ್ಷತ್ರ, ಸ್ಟಿಕ್ಕರ್, ಅಂಕ ಬೇಡ ಎಂಬುದು ನನ್ನ ಪಕ್ಕಾ ಅಭಿಪ್ರಾಯ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ತೋರಿಸಿದಂತೆ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಿಗೆ ಬಹುಮಾನದ ಆಸೆ ಹಚ್ಚಿ ಬರೆಸಿದ ಮೇಲೆ ಅವರು ತಾವಾಗಿ ಬರೆಯುವುದು ಕಡಿಮೆಯಾಯಿತು. ನಿಜ ಹೇಳಿದ್ದಕ್ಕೆ ನಕ್ಷತ್ರ ಕೊಟ್ಟರೆ, ನಕ್ಷತ್ರಕ್ಕಾಗಿ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, ನೋಡಿದ್ದೇನೆ.

ಮನೆಯವರಿಗೆ ಉದ್ದನೆಯ ಸೂಚನಾಪತ್ರ ಬೇಡ. ತುಣುಕಿನ ಹೆಸರು, ಎಲ್ಲಿ ನಿಲ್ಲಿಸಬೇಕು, ಆಗ ಕೇಳಬೇಕಾದ ಒಂದೇ ಪ್ರಶ್ನೆ: ಇಷ್ಟು ಬರೆದ ಚೀಟಿ ಕಳಿಸಿ. ‘ಡೇನಿಯಲ್ ಟೈಗರ್ಸ್ ನೇಬರ್‌ಹುಡ್’ ಕುರಿತ 2016ರ ಅಧ್ಯಯನವೊಂದರಲ್ಲಿ, ಕಾರ್ಯಕ್ರಮದಿಂದ ಸಹಾನುಭೂತಿಯಂಥ ಗುಣಗಳಲ್ಲಿ ಪ್ರಯೋಜನ ಕಂಡದ್ದು ಮನೆಯಲ್ಲಿ ಟಿವಿ ನೋಡುವಾಗ ದೊಡ್ಡವರು ಮಾತಾಡಿಸುವ ರೂಢಿ ಇದ್ದ ಮಕ್ಕಳಲ್ಲಿ. ಬರೀ ಕೂರಿಸಿ ಅಡುಗೆಮನೆಗೆ ಹೋದರೆ ಸಾಲದು.

ಹಂತ 9: ಆಯಿತೋ ಇಲ್ಲವೋ ತಿಳಿಯುವುದು

ಇದಕ್ಕೆ ಪರೀಕ್ಷೆ ಇಡಬೇಡಿ. ಬರೆದ ಉತ್ತರದಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರೇ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಇಬ್ಬರು ಮಕ್ಕಳನ್ನು ಆಟದ ವೇಳೆಯಲ್ಲಿ ಗಮನಿಸಿ ಒಂದು ಸಾಲು ಬರೆಯಿರಿ. ಏನು ಮಾಡಿದರು ಎಂದಷ್ಟೇ, ಹೇಗಿದ್ದಾರೆ ಎಂಬ ತೀರ್ಮಾನ ಬೇಡ. ಹಂತ 1ರಲ್ಲಿ ಎಣಿಸಿದ ದೂರುಗಳನ್ನು ಮೂರು ವಾರದ ನಂತರ ಮತ್ತೆ ಎಣಿಸಿ. ಆರಂಭದಲ್ಲಿ ಎಣಿಕೆ ಏರುವುದೂ ಉಂಟು, ಮೊದಲು ಸಹಿಸಿಕೊಂಡಿದ್ದವರು ಈಗ ಬಾಯಿ ಬಿಡುತ್ತಾರೆ. ಅದಕ್ಕೆ ಗಾಬರಿಯಾಗಬೇಡಿ.

ಎಡವುವ ಜಾಗಗಳು

ಪರದೆಯ ಮೇಲೆ ಯಾರೋ ಅಳುವಾಗ ತರಗತಿ ನಕ್ಕರೆ? ನಿಲ್ಲಿಸಿ, ಆದರೆ ಬೈಯಬೇಡಿ. ಇಷ್ಟು ಪುಟ್ಟವರ ನಗುವಿನ ಅರ್ಧ ಭಾಗ ಮುಜುಗರ. ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ‘ಈ ಸಲ ಅವಳ ಕಣ್ಣು ಮಾತ್ರ ನೋಡಿ’ ಎಂದು ಮತ್ತೆ ಹಾಕಿ.

ಒಂದು ಮಗು ಇದ್ದಕ್ಕಿದ್ದಂತೆ ಮಂಕಾದರೆ, ಕತೆ ಅದರ ಮನೆಯದ್ದೇ ಆಗಿರಬಹುದು. ಎಲ್ಲರೆದುರು ‘ಏನಾಯ್ತು?’ ಎಂದು ಕೇಳಬೇಡಿ. ಚಾಕ್‌ಪೀಸ್ ತರಲು ಕಳಿಸಿ, ಹಿಂದೆಯೇ ನೀವೂ ಹೋಗಿ. ಗಂಭೀರವಾದದ್ದು ತಿಳಿದುಬಂದರೆ ಗುಟ್ಟಾಗಿ ಇಟ್ಟುಕೊಳ್ಳದೆ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಶಾಲೆಯ ಹಿರಿಯರಿಗೆ ಅಂದೇ ತಿಳಿಸಿ.

ಇನ್ನು ಕೆಟ್ಟ ಪಾತ್ರವೇ ಮಕ್ಕಳಿಗೆ ಇಷ್ಟವಾಗಿ, ಅವನ ಅಣಕದ ಮಾತು ವಾರವಿಡೀ ಶಾಲೆಯಲ್ಲಿ ಮೊಳಗುತ್ತಿದ್ದರೆ ಆಯ್ಕೆ ನಮ್ಮ ತಪ್ಪು. ನನಗೆ ಎರಡು ಸಲ ಹೀಗಾಗಿದೆ. ತುಣುಕನ್ನು ತೆಗೆದುಹಾಕಿ, ಅದರ ಬಗ್ಗೆ ಭಾಷಣ ಮಾಡದೆ, ಎರಡು ವಾರ ಬಿಟ್ಟು ಬೇರೆಯದರಿಂದ ಶುರು ಮಾಡಿದೆ. ಆ ನಡುವೆ ಟಿವಿಯ ಮೇಲೆ ಬಟ್ಟೆ ಹೊದಿಸಿ, ಬೋರ್ಡಿನ ಮೇಲೆ ಗೀರುಚಿತ್ರ ಬರೆದೇ ‘ಈಗ ಅವಳು ಏನೇನು ಮಾಡಬಹುದು?’ ಎಂದು ಕೇಳುತ್ತಿದ್ದೆ.